ತೂಕ ಬಿಡಿ, ಓಟಿ ಎಷ್ಟು ಹೇಳಿ: ಆರೋಗ್ಯ ಸುಧಾರಿಸಿದೆಯಾ ಅಂತ ಮನೆಯಲ್ಲೇ ಅಳೆಯುವ ಸಮಗ್ರ ಮಾರ್ಗದರ್ಶಿ

ಕಾಫಿ ಮಾರಲು ಹೋದವರಿಗೆಲ್ಲ ಇದು ಗೊತ್ತು. ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ ಚೀಲವನ್ನು ತಕ್ಕಡಿ ಮೇಲೆ ಇಟ್ಟ ಮಾತ್ರಕ್ಕೆ ವ್ಯಾಪಾರಿ ದುಡ್ಡು ಎಣಿಸುವುದಿಲ್ಲ. ಒಂದಿಷ್ಟು ಸ್ಯಾಂಪಲ್ ತೆಗೆಯುತ್ತಾನೆ, ಮಾಯಿಶ್ಚರ್ (ತೇವಾಂಶ) ನೋಡುತ್ತಾನೆ, ಸಿಪ್ಪೆ ಬಿಡಿಸಿ ಒಳಗೆ ಬೀಜ ಎಷ್ಟಿದೆ ಅಂತ ತೂಗುತ್ತಾನೆ. ಐವತ್ತು ಕೆಜಿ ಚೆರ್ರಿಯಲ್ಲಿ ಬೀಜ ಎಷ್ಟು ಕೆಜಿ ಅನ್ನುವುದೇ ಓಟಿ. ಓಟಿ 26 ಬಂದರೆ ಒಂದು ದುಡ್ಡು, 24 ಬಂದರೆ ಇನ್ನೊಂದು. ಚೀಲ ಎರಡೂ ಐವತ್ತು ಕೆಜಿಯೇ!

ಇಷ್ಟು ಲೆಕ್ಕ ಗೊತ್ತಿರುವ ನಾವು ನಮ್ಮ ಮೈ ವಿಷಯ ಬಂದರೆ ಮಾತ್ರ ಬರೀ ತಕ್ಕಡಿ ನಂಬುತ್ತೇವೆ. ನಾನೂ ಅದೇ ಮಾಡಿದ್ದು. ಎರಡು ವರ್ಷದ ಹಿಂದೆ, 46ನೇ ವಯಸ್ಸಿನಲ್ಲಿ, ನನ್ನ ಎತ್ತರ 158 ಸೆಂಟಿಮೀಟರ್, ತೂಕ 72 ಕೆಜಿ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತ ಪರೀಕ್ಷೆ) 6.1. ಸಕ್ಕರೆ ಕಾಯಿಲೆ ಬಾಗಿಲ ಹತ್ತಿರ ನಿಂತಿದೆ, ನಡೆಯಿರಿ, ಊಟ ನೋಡಿಕೊಳ್ಳಿ ಅಂದರು ಡಾಕ್ಟರು. ನಡೆದೆ. ಐದು ವಾರ ನಡೆದೆ. ಮಷಿನ್ ಮುಳ್ಳು 72 ಬಿಟ್ಟು ಕದಲಲಿಲ್ಲ, ಅದರ ಮೇಲೆ ನೆಂಟರ ಮದುವೆಯಲ್ಲಿ ಕಡಂಬಿಟ್ಟು, ಪಂದಿ ಕರಿ ತಿಂದು ಬಂದ ಮಾರನೇ ದಿನ ಹತ್ತಿ ನಿಂತರೆ ಒಂದೂವರೆ ಕೆಜಿ ಜಾಸ್ತಿ. ಸಾಕಪ್ಪ ಅನ್ನಿಸಿತ್ತು. ಅದೇ ವಾರ ರವಿಕೆ ಹೊಲಿಸಲು ಹೋದಾಗ ಟೈಲರ್ ಹಳೇ ಅಳತೆ ಪುಸ್ತಕ ನೋಡಿ, ಮತ್ತೆ ಟೇಪ್ ಹಿಡಿದು, "ಅಕ್ಕಾ, ಇಳಿದಿದ್ದೀರಿ" ಅಂದರು. ಎರಡೂವರೆ ಇಂಚು.

ಅಲ್ಲಿಂದ ಶುರುವಾದದ್ದು ಈ ಲೆಕ್ಕ. ನಾನು ಡಾಕ್ಟರ್ ಅಲ್ಲ. ಸಕ್ಕರೆ, ಬಿಪಿ, ಹೃದಯಕ್ಕೆ ಮಾತ್ರೆ ತಗೊಳ್ಳುತ್ತಿರುವವರು ನಿಮ್ಮ ಡಾಕ್ಟರಿಗೆ ಒಂದು ಮಾತು ಹೇಳಿಯೇ ಶುರು ಮಾಡಿ.

ಒಂದು: ತಕ್ಕಡಿಯನ್ನು ಅದರ ಜಾಗದಲ್ಲಿ ಕೂರಿಸಿ

ಬಿಸಾಡಬೇಕಾಗಿಲ್ಲ. ಅದು ಏನು ಹೇಳುತ್ತಿದೆ ಅಂತ ತಿಳಿದರೆ ಸಾಕು. ಮಷಿನ್ ಮೇಲೆ ನಿಂತಾಗ ತೂಗುವುದು ಕೊಬ್ಬನ್ನು ಮಾತ್ರ ಅಲ್ಲ. ಮೂಳೆ, ಮಾಂಸಖಂಡ, ನಿನ್ನೆಯ ಊಟ, ಹೊಟ್ಟೆಯಲ್ಲಿ ಉಳಿದದ್ದು, ಎಲ್ಲಕ್ಕಿಂತ ಜಾಸ್ತಿ ನೀರು. ಒಂದೇ ದಿನದಲ್ಲಿ ತೂಕ ಒಂದೆರಡು ಕೆಜಿ ಆಚೀಚೆ ಆಗುವುದು ತೀರಾ ಮಾಮೂಲು. ಉಪ್ಪು ಜಾಸ್ತಿ ಬಿದ್ದರೆ ಮೈ ನೀರು ಹಿಡಿದಿಟ್ಟುಕೊಳ್ಳುತ್ತದೆ. ಅನ್ನ, ರೊಟ್ಟಿ ತಿಂದಾಗ ಲಿವರಿನಲ್ಲೂ ಮಾಂಸಖಂಡದಲ್ಲೂ ಗ್ಲೈಕೋಜನ್ ಅಂತ ಒಂದು ದಾಸ್ತಾನು ಸೇರುತ್ತದೆ, ಅದರ ಒಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಜೊತೆಗೆ ಇಟ್ಟುಕೊಳ್ಳುತ್ತದೆ. ಮದುವೆ ಮಾರನೇ ದಿನದ ನನ್ನ ಒಂದೂವರೆ ಕೆಜಿ ಅದೇ, ಮೂರು ದಿನದಲ್ಲಿ ಹೇಳದೆ ಕೇಳದೆ ಹೋಯಿತು. ಹೆಂಗಸರಿಗೆ ಇನ್ನೊಂದು: ಮುಟ್ಟಿನ ಮುಂಚಿನ ದಿನಗಳಲ್ಲಿ ನೀರು ತುಂಬಿ ತೂಕ ಏರುತ್ತದೆ. ಹಾಗಾಗಿ ಈ ವಾರವನ್ನು ಹೋದ ವಾರದ ಜೊತೆ ಹೋಲಿಸಬೇಡಿ, ಹೋದ ತಿಂಗಳ ಇದೇ ವಾರದ ಜೊತೆ ಹೋಲಿಸಿ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನನ್ನ ಎಷ್ಟೋ ಬೆಳಿಗ್ಗೆಗಳು ಹಾಳಾಗುತ್ತಿರಲಿಲ್ಲ.

ಮಾಡಬೇಕಾದ್ದು ಇಷ್ಟೇ. ವಾರಕ್ಕೆ ಒಂದು ಸಲ, ಬೆಳಿಗ್ಗೆ ಎದ್ದು ಬಾತ್‌ರೂಮಿಗೆ ಹೋಗಿ ಬಂದ ಮೇಲೆ, ಕಾಫಿಗೆ ಮುಂಚೆ, ಒಂದೇ ಮಷಿನ್ ಮೇಲೆ, ಗಟ್ಟಿ ನೆಲದಲ್ಲಿ ಇಟ್ಟು ತೂಗಿ. ಪೇಟೆಯ ಅಂಗಡಿ ಮಷಿನ್ನು, ಕ್ಲಿನಿಕ್ಕಿನ ಮಷಿನ್ನು, ಮನೆಯದ್ದು ಮೂರನ್ನೂ ಹೋಲಿಸಲು ಹೋದರೆ ತಲೆ ಕೆಡುತ್ತದೆ. ಕೊಬ್ಬಿನ ಶೇಕಡಾ ತೋರಿಸುವ ಸ್ಮಾರ್ಟ್ ಮಷಿನ್ ಇದ್ದರೂ ಅಷ್ಟೇ. ಅದು ಪಾದದ ಮೂಲಕ ಸಣ್ಣ ಕರೆಂಟ್ ಹಾಯಿಸಿ ಅಂದಾಜು ಮಾಡುತ್ತದೆ, ಮೈಯಲ್ಲಿ ನೀರು ಹೆಚ್ಚುಕಡಿಮೆ ಆದರೆ ಅದರ ಉತ್ತರವೂ ಬದಲಾಗುತ್ತದೆ. ನಮ್ಮ ಮಾಯಿಶ್ಚರ್ ಮೀಟರ್ ಜಗಳ ಗೊತ್ತಲ್ಲ? ಮನೆಯಲ್ಲಿ ಒಂದು ತೋರಿಸುತ್ತದೆ, ಮಾರುವಲ್ಲಿ ಇನ್ನೊಂದು.

ಎರಡು: ಟೇಪ್ ಹಿಡಿಯಲು ಕಲಿಯಿರಿ

ಒಂದೇ ಒಂದು ಅಳತೆ ಇಟ್ಟುಕೊಳ್ಳಿ ಅಂದರೆ ನಾನು ಸೊಂಟದ ಸುತ್ತಳತೆಯನ್ನೇ ಇಟ್ಟುಕೊಳ್ಳುತ್ತೇನೆ. ಹೊಟ್ಟೆಯ ಒಳಗೆ, ಲಿವರ್, ಕರುಳಿನ ಸುತ್ತ ಕೂರುವ ಕೊಬ್ಬೇ ಸಕ್ಕರೆ ಕಾಯಿಲೆಗೂ ಹೃದಯದ ತೊಂದರೆಗೂ ಜಾಸ್ತಿ ಹತ್ತಿರ. ಭಾರತೀಯರಿಗೆ ಈ ವಿಷಯದಲ್ಲಿ ರಿಯಾಯಿತಿ ಇಲ್ಲ. ಕೈಕಾಲು ಸಣ್ಣಗಿದ್ದೂ ಹೊಟ್ಟೆ ಮುಂದೆ ಬಂದವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಅದಕ್ಕೇ ನಮಗೆ ಗಡಿಯನ್ನು ಬಿಗಿ ಮಾಡಿದ್ದಾರೆ: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅದೂ ಹಾಗೇ, ಬೇರೆ ಕಡೆ 25ರಿಂದ ಜಾಸ್ತಿ ತೂಕ ಅಂತ ಎಣಿಸಿದರೆ ನಮಗೆ 23ರಿಂದಲೇ. ಅಂದಹಾಗೆ ಬಿಎಂಐ ಲೆಕ್ಕ 19ನೇ ಶತಮಾನದ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಅನ್ನುವ ಸಂಖ್ಯಾಶಾಸ್ತ್ರಜ್ಞನದ್ದು. ಆತ ಜನಸಮೂಹದ ಸರಾಸರಿ ಹುಡುಕುತ್ತಿದ್ದ, ನಿಮ್ಮ ನನ್ನ ಹೊಟ್ಟೆ ನೋಡಲಿಲ್ಲ.

ಇನ್ನೂ ಸುಲಭದ ಲೆಕ್ಕ ಬೇಕಾ? ಸೊಂಟ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ನನಗೆ ಅಂದರೆ 79. ಶುರುವಲ್ಲಿ 94 ಇತ್ತು, ಈಗ 86. ಇನ್ನೂ ದೂರ ಇದೆ, ಇರಲಿ.

ಅಳೆಯುವಾಗ ಎಲ್ಲರೂ ತಪ್ಪುವುದು ಜಾಗದಲ್ಲಿ. ಪ್ಯಾಂಟಿನ ಸೈಜ್ ಸೊಂಟದ ಅಳತೆ ಅಲ್ಲ. ಗಂಡಸರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟಿಕೊಂಡು ಇಪ್ಪತ್ತು ವರ್ಷದಿಂದ 34 ಅನ್ನುತ್ತಿರುತ್ತಾರೆ. ನಮ್ಮವರದ್ದೂ ಅದೇ ವಾದ, ಟೇಪ್ ಹಿಡಿದ ದಿನ 101 ಸೆಂಟಿಮೀಟರ್ ಬಂತು, ಅಂದರೆ ಹತ್ತಿರ ಹತ್ತಿರ 40 ಇಂಚು, ಆಮೇಲೆ ಎರಡು ದಿನ ಮಾತಿಲ್ಲ. ಸರಿಯಾದ ಕ್ರಮ ಹೀಗಿದೆ:

1. ಬರೀ ಮೈ ಮೇಲೆ ಅಳೆಯಿರಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ.
2. ಪಕ್ಕದಲ್ಲಿ ಬೆರಳಿಟ್ಟು ಕಡೆಯ ಪಕ್ಕೆಲುಬು ಹುಡುಕಿ, ಆಮೇಲೆ ಸೊಂಟದ ಮೂಳೆಯ ಮೇಲಿನ ಅಂಚು ಹುಡುಕಿ. ಎರಡರ ಮಧ್ಯೆ ಟೇಪ್ ಬರಬೇಕು.
3. ಟೇಪ್ ಸುತ್ತಲೂ ನೆಲಕ್ಕೆ ಸಮಾನವಾಗಿರಲಿ. ಬೆನ್ನ ಹಿಂದೆ ಜಾರುತ್ತದೆ, ಕನ್ನಡಿ ನೋಡಿ, ಇಲ್ಲವೇ ಯಾರಿಗಾದರೂ ಹೇಳಿ.
4. ಮಾಮೂಲಾಗಿ ಉಸಿರು ಬಿಟ್ಟು, ಬಿಟ್ಟ ಕೊನೆಯಲ್ಲಿ ಓದಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಯಾರೂ ಫೋಟೋ ತೆಗೆಯುತ್ತಿಲ್ಲ.
5. ಎರಡು ಸಲ ಅಳೆಯಿರಿ. ಒಂದು ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮತ್ತೆ ಮೊದಲಿನಿಂದ.

ಎರಡು ವಾರಕ್ಕೊಮ್ಮೆ ಸಾಕು. ಬಟ್ಟೆಯ ಟೇಪ್ ಹಳೆಯದಾದರೆ ಎಳೆದು ಉದ್ದವಾಗುತ್ತದೆ, ಆಗ ಸೊಂಟ ಸುಮ್ನೆ ಸಣ್ಣಗೆ ಕಾಣುತ್ತದೆ. ವರ್ಷಕ್ಕೊಂದು ಹೊಸದು ತಗೊಳ್ಳಿ.

ಬಟ್ಟೆ ಕೂಡ ಅಳತೆಯೇ, ಆದರೆ ಬಟ್ಟೆ ಆರಿಸುವಾಗ ಹುಷಾರು. ಗಂಡಸರು ಕೊಡವರ ಕುಪ್ಯ ಹಾಕಿ ನೋಡಿ ಸರಿ ಇದೆ ಅಂದುಕೊಳ್ಳಬಾರದು, ಅದು ಸಡಿಲ ಅಂಗಿ, ಸೊಂಟಕ್ಕೆ ಸುತ್ತುವ ಚೇಲೆಯನ್ನು ಎಷ್ಟು ಬೇಕೋ ಅಷ್ಟಕ್ಕೆ ಕಟ್ಟಬಹುದು. ಸೀರೆಯೂ ಯಾರನ್ನೂ ಬೈಯುವುದಿಲ್ಲ. ಹಳೇ ರವಿಕೆ ಒಂದು, ಗುಂಡಿ ಇರುವ ಗಟ್ಟಿ ಪ್ಯಾಂಟ್ ಒಂದು, ಇವೆರಡು ಸುಳ್ಳು ಹೇಳುವುದಿಲ್ಲ.

ಮೂರು: ನಿಮ್ಮದೇ ಒಂದು ಏರು ಗುರುತು ಮಾಡಿ

ಇದು ಕೊಡಗಿನವರಿಗೆ ಸಿಕ್ಕಿರುವ ಭಾಗ್ಯ. ಬೆಂಗಳೂರಿನಲ್ಲಿರುವ ನನ್ನ ತಂಗಿ ದುಡ್ಡು ಕೊಟ್ಟು ಟ್ರೆಡ್‌ಮಿಲ್ಲಿನಲ್ಲಿ ಏರು ಹತ್ತುತ್ತಾಳೆ, ನಮಗೆ ಮನೆ ಬಾಗಿಲು ತೆಗೆದರೆ ಏರು. ಗದ್ದೆಯಿಂದ ಮೇಲಿನ ಬಾಣೆ (ಮರಗಳಿರುವ ಎತ್ತರದ ಜಾಗ) ತನಕ, ಇಲ್ಲವೇ ಗೇಟಿನಿಂದ ಮನೆ ತನಕ, ಎಂಟು ಹತ್ತು ನಿಮಿಷದ ಒಂದು ದಾರಿ ಆರಿಸಿ. ಶುರುವಿಗೆ ಒಂದು ಮರ, ಕೊನೆಗೆ ಒಂದು ಕಲ್ಲು ಅಂತ ಗುರುತಿಟ್ಟುಕೊಳ್ಳಿ. ಪ್ರತಿ ಸಲ ಅದೇ ದಾರಿ, ಅದೇ ಚಪ್ಪಲಿ ಅಥವಾ ಬೂಟು.

ಮೂರು ವಿಷಯ ಬರೆದುಕೊಳ್ಳಿ: ಎಷ್ಟು ನಿಮಿಷ ಆಯಿತು, ಎಷ್ಟು ಸಲ ನಿಂತಿರಿ, ಹತ್ತುವಾಗ ಮಾತಾಡಲು ಆಯಿತಾ. ಹದವಾದ ವ್ಯಾಯಾಮ ಅಂದರೆ ಮಾತಾಡಬಹುದು, ಹಾಡಲು ಆಗುವುದಿಲ್ಲ. ಎರಡು ಶಬ್ದಕ್ಕೆ ಉಸಿರು ಕಟ್ಟಿದರೆ ಅದು ನಿಮಗೆ ಜೋರಾಯಿತು. ಮೇಲೆ ತಲುಪಿದ ಕೂಡಲೇ ಮಣಿಕಟ್ಟಿನ ನಾಡಿ ಹಿಡಿದು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ, ಒಂದು ನಿಮಿಷ ಸುಮ್ಮನೆ ನಿಂತು ಮತ್ತೆ ಎಣಿಸಿ. ಹೃದಯ ಚುರುಕಾದಷ್ಟೂ ಆ ಒಂದು ನಿಮಿಷದಲ್ಲಿ ನಾಡಿ ಜಾಸ್ತಿ ಇಳಿಯುತ್ತದೆ. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಡಾಕ್ಟರುಗಳು 12ಕ್ಕಿಂತ ಕಡಿಮೆ ಇಳಿದರೆ ಹುಬ್ಬೇರಿಸುತ್ತಾರೆ. ನಮ್ಮ ಮನೆ ಲೆಕ್ಕ ಅಷ್ಟು ಕರಾರುವಾಕ್ಕಾಗಿ ಇರುವುದಿಲ್ಲ, ನಿಮ್ಮ ಹಳೇ ಅಂಕಿಯ ಜೊತೆ ಹೋಲಿಸಿದರೆ ಸಾಕು. ನನಗೆ ಮೊದಲ ದಿನ 14 ನಿಮಿಷ, ಮೂರು ಕಡೆ ನಿಂತೆ, ನಾಡಿ ಇಳಿದದ್ದು ಬರೀ 8. ಒಂದು ವರ್ಷದ ಮೇಲೆ 10 ನಿಮಿಷ 20 ಸೆಕೆಂಡ್, ಎಲ್ಲೂ ನಿಲ್ಲಲಿಲ್ಲ, ಇಳಿದದ್ದು 20. ಆ ಒಂದು ವರ್ಷದಲ್ಲಿ ತೂಕ ಇಳಿದದ್ದು ಎರಡೇ ಕೆಜಿ ಅಂದರೆ ನಂಬುತ್ತೀರಾ?

ಏರು ಹತ್ತುವಾಗ ಎದೆ ಹಿಡಿದರೆ, ಎಡಗೈ ಅಥವಾ ದವಡೆಗೆ ನೋವು ಹರಿದರೆ, ತಲೆ ಸುತ್ತಿದರೆ ಅಲ್ಲೇ ಕುಳಿತುಕೊಳ್ಳಿ, ಆಸ್ಪತ್ರೆಗೆ ಹೋಗಿ. ಅದನ್ನು ಪುಸ್ತಕದಲ್ಲಿ ಬರೆಯುತ್ತಾ ಕೂರಬೇಡಿ.

ಇನ್ನೂ ಎರಡು ಮಾತು. ಆನೆ ಓಡಾಡುವ ಕಡೆ ಇರುವವರು ಬೆಳಕು ಚೆನ್ನಾಗಿ ಹರಿದ ಮೇಲೆಯೇ ಹೊರಡಿ, ಐದು ಗಂಟೆಗೆ ಎದ್ದು ನಡೆಯಿರಿ ಅನ್ನುವ ಸಲಹೆ ನಮ್ಮ ತೋಟಗಳಿಗೆ ಬರೆದದ್ದಲ್ಲ. ಮತ್ತೆ ಜೂನ್‌ನಿಂದ ಆಗಸ್ಟ್ ತನಕ ಜಿಗಣೆ, ಪಾಚಿ, ಜಾರು. ಆಗ ಮನೆಯೊಳಗೇ ಎರಡು ನಿಮಿಷ ನಿಂತಲ್ಲೇ ಮಂಡಿ ಎತ್ತಿ ಹೆಜ್ಜೆ ಹಾಕಿ, ಬಲ ಮಂಡಿ ಎಷ್ಟು ಸಲ ಮೇಲೆ ಬಂತು ಅಂತ ಎಣಿಸಿ. ಮಳೆಗಾಲದ ಲೆಕ್ಕ ಅದು, ಏರಿನ ಲೆಕ್ಕದ ಜೊತೆ ಬೆರೆಸಬೇಡಿ. ದೊಡ್ಡ ಪರೀಕ್ಷೆ ಬೇಕು ಅನ್ನುವವರಿಗೆ ಕಕ್ಕಬೆ ಪಕ್ಕದಲ್ಲೇ 1748 ಮೀಟರ್ ಎತ್ತರದ ತಡಿಯಂಡಮೋಳ್ ಬೆಟ್ಟ ಇದೆ. ಮಳೆ ನಿಂತ ಮೇಲೆ, ಅರಣ್ಯ ಇಲಾಖೆಯ ನಿಯಮ ನೋಡಿಕೊಂಡು, ವರ್ಷಕ್ಕೊಮ್ಮೆ ಹತ್ತಿ.

ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುಂಚಿನ ನಾಡಿಯನ್ನೂ ವಾರಕ್ಕೆರಡು ದಿನ ಎಣಿಸಿ, ಪೂರ್ತಿ ಒಂದು ನಿಮಿಷ. ದೊಡ್ಡವರಿಗೆ 60ರಿಂದ 100 ಮಾಮೂಲು, ತಿಂಗಳುಗಟ್ಟಲೆ ನಡೆದವರಿಗೆ ನಿಧಾನ ಇಳಿಯುತ್ತದೆ. ಜ್ವರ, ನಿದ್ದೆಗೇಡು ಇದ್ದ ದಿನ ಏರುತ್ತದೆ, ಕೆಲವು ಬಿಪಿ ಮಾತ್ರೆ ಅದನ್ನು ಇಳಿಸಿಯೇ ಇಟ್ಟಿರುತ್ತವೆ.

ನಾಲ್ಕು: ಕುರ್ಚಿ, ಬಕೆಟ್, ಒಂಟಿ ಕಾಲು

ಊಟ ಬಿಟ್ಟು ತೂಕ ಇಳಿಸಿದವರಿಗೆ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗಿರುತ್ತದೆ. ತಕ್ಕಡಿ ಅದನ್ನೂ ಶಭಾಷ್ ಅನ್ನುತ್ತದೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಚೀಲ ಹಗುರ ಆಯಿತು, ಓಟಿಯೂ ಬಿತ್ತು. ಅದಕ್ಕೇ ಶಕ್ತಿ ಅಳೆಯಬೇಕು.

ಕೈ ಇಲ್ಲದ, ಸುಮಾರು 43 ಸೆಂಟಿಮೀಟರ್ ಎತ್ತರದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಕೈಗಳನ್ನು ಎದೆ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಅಂತ ಎಣಿಸಿ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹಿರಿಯರಿಗೆ ಬಳಸುವ ಲೆಕ್ಕದಲ್ಲಿ 60ರಿಂದ 64 ವಯಸ್ಸಿನ ಹೆಂಗಸರಿಗೆ 12, ಗಂಡಸರಿಗೆ 14ಕ್ಕಿಂತ ಕಡಿಮೆ ಬಂದರೆ ಅದು ವಯಸ್ಸಿಗೆ ಕಡಿಮೆ, ಬೀಳುವ ಅಪಾಯ ಜಾಸ್ತಿ. 65ರಿಂದ 69ಕ್ಕೆ 11 ಮತ್ತು 12. ನಮ್ಮ ಅತ್ತೆಗೆ 68, ಮೊದಲು 9 ಬಂತು. "ನಾನೇನು ಪರೀಕ್ಷೆಗೆ ಕೂತಿದ್ದೇನಾ" ಅಂತ ಬೈದರು, ಆದರೆ ದಿನಾ ಟಿವಿ ಮುಂದೆ ಎದ್ದು ಕೂತು ನಾಲ್ಕು ತಿಂಗಳಲ್ಲಿ 12 ಮಾಡಿದರು. ಈಗ ನೆಂಟರು ಬಂದರೆ ಅವರಿಗೂ ಮಾಡಿಸುತ್ತಾರೆ.

ಹಿರಿಯರಿಗೆ ಮೀನಖಂಡದ ಸುತ್ತಳತೆಯನ್ನೂ ನೋಡಿ, ಅತಿ ದಪ್ಪ ಇರುವ ಕಡೆ. ಏಷ್ಯಾದವರಿಗೆ ಇಟ್ಟ ಗುರುತು ಗಂಡಸರಿಗೆ 34 ಸೆಂಟಿಮೀಟರ್, ಹೆಂಗಸರಿಗೆ 33. ಅದಕ್ಕಿಂತ ಕಡಿಮೆ ಇದ್ದರೆ ಮಾಂಸಖಂಡ ಸವೆದಿರಬಹುದು ಅಂತ ಡಾಕ್ಟರಿಗೆ ತೋರಿಸಬೇಕು. ಇಲ್ಲಿ ಅಳತೆ ಇಳಿಯುವುದು ಒಳ್ಳೇ ಸುದ್ದಿ ಅಲ್ಲ.

ಹಿಡಿತಕ್ಕೆ ನನ್ನದೊಂದು ನಾಟಿ ವಿಧಾನ: ಎರಡು ಬಕೆಟಿನಲ್ಲಿ ಹತ್ತು ಹತ್ತು ಲೀಟರ್ ನೀರು, ಕಾಫಿ ಒಣಗಿಸುವ ಕಣದಲ್ಲಿ ಎಷ್ಟು ಉದ್ದ ಹೊತ್ತು ಹೋಗುತ್ತೀರಿ ನೋಡಿ. ಐವತ್ತು ಕೆಜಿ ಚೀಲ ಎತ್ತಿ ಪರೀಕ್ಷೆ ಮಾಡುವ ಪೌರುಷ ಬೇಡ, ಬೆನ್ನು ಹೋದರೆ ಮೂರು ತಿಂಗಳು ಯಾವ ಅಳತೆಯೂ ಇಲ್ಲ. ಒಂಟಿ ಕಾಲಲ್ಲಿ ಹತ್ತು ಸೆಕೆಂಡ್ ನಿಲ್ಲಲು ಆಗುತ್ತದಾ ಅಂತಲೂ ನೋಡಿ, ಗೋಡೆ ಪಕ್ಕದಲ್ಲೇ. ಮತ್ತೆ ಕೊಯ್ಲು ಮುಗಿದ ಮೇಲೆ ಉದುರು ಕಾಫಿ ಹೆಕ್ಕುವಾಗ ಕುಕ್ಕರುಗಾಲಲ್ಲಿ ಎಷ್ಟು ಹೊತ್ತು ಕೂರಲು ಆಯಿತು, ಏಳುವಾಗ ಗಿಡ ಹಿಡಿದಿರಾ ಇಲ್ವಾ? ಅದಕ್ಕಿಂತ ಒಳ್ಳೇ ಮಂಡಿ ಪರೀಕ್ಷೆ ನಾನು ಕಂಡಿಲ್ಲ.

ಐದು: ಬಿಪಿ ನೋಡುವ ಮುಂಚೆ ಲೋಟ ಕೆಳಗಿಡಿ

ನಮ್ಮ ಜಿಲ್ಲೆಯಲ್ಲಿ ಇದು ಕಷ್ಟದ ಷರತ್ತು. ಬಿಪಿ ನೋಡುವ ಮುಂಚಿನ ಅರ್ಧ ಗಂಟೆ ಕಾಫಿ, ಸಿಗರೇಟ್, ನಡಿಗೆ ಯಾವುದೂ ಬೇಡ. ಬಾತ್‌ರೂಮಿಗೆ ಹೋಗಿ ಬನ್ನಿ. ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ ಪಾದ ನೆಲಕ್ಕಿಟ್ಟು ಐದು ನಿಮಿಷ ಸುಮ್ನೆ ಕೂರಿ, ಕಾಲ ಮೇಲೆ ಕಾಲು ಹಾಕಬೇಡಿ. ತೋಳು ಹೃದಯದ ಮಟ್ಟಕ್ಕೆ ಮೇಜಿನ ಮೇಲಿರಲಿ, ಪಟ್ಟಿ ಬರೀ ತೋಳಿಗೆ ಸುತ್ತಿ, ಸ್ವೆಟರ್ ಮೇಲೆ ಅಲ್ಲ. ಮಡಿಕೇರಿ ಚಳಿಯಲ್ಲಿ ಸ್ವೆಟರ್ ತೆಗೆಯದೆ ನೋಡಿಸಿಕೊಂಡು ಬಂದವರೇ ಜಾಸ್ತಿ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ, ಸರಾಸರಿ ಬರೆಯಿರಿ. ಮಣಿಕಟ್ಟಿನ ಮಷಿನ್‌ಗಿಂತ ತೋಳಿನದ್ದು ನಂಬಿಕಸ್ಥ.

120/80ರ ಕೆಳಗಿದ್ದರೆ ಒಳ್ಳೆಯದು. ಮನೆಯಲ್ಲಿ ಹಲವು ದಿನ ನೋಡಿದ ಸರಾಸರಿ 135/85 ದಾಟಿದರೆ ಡಾಕ್ಟರಿಗೆ ತೋರಿಸಿ. ಒಂದು ದಿನದ ಅಂಕಿ ನೋಡಿ ಮಾತ್ರೆ ಬಿಡುವುದು, ಶುರು ಮಾಡುವುದು ಎರಡೂ ಬೇಡ.

ಆರು: ರಕ್ತದ ಲೆಕ್ಕ

ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ, ಯಾಕೆಂದರೆ ಕೆಂಪು ರಕ್ತಕಣದ ಆಯಸ್ಸೇ ಸುಮಾರು 120 ದಿನ. ಪರೀಕ್ಷೆಯ ಹಿಂದಿನ ರಾತ್ರಿ ಉಪವಾಸ ಮಾಡಿ ಇದಕ್ಕೆ ಮೋಸ ಮಾಡಲು ಆಗುವುದಿಲ್ಲ. 5.7ರ ಕೆಳಗೆ ಸರಿ, 5.7ರಿಂದ 6.4 ಎಚ್ಚರಿಕೆ, 6.5 ಮತ್ತು ಮೇಲೆ ಸಕ್ಕರೆ ಕಾಯಿಲೆ. ಮೂರು ತಿಂಗಳಿಗಿಂತ ಬೇಗ ಮಾಡಿಸಿದರೆ ದುಡ್ಡು ದಂಡ. ಜೊತೆಗೆ ಹಿಮೋಗ್ಲೋಬಿನ್ ನೋಡಿಸಲೇಬೇಕು. ಕಬ್ಬಿಣದ ಕೊರತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು, ಮತ್ತೆ ಸುಸ್ತಿಗೆ ಕಾರಣ ತೂಕ ಅಲ್ಲ, ರಕ್ತ ಕಡಿಮೆ ಇರುವುದು ಅಂತ ಎಷ್ಟೋ ಹೆಂಗಸರಿಗೆ ಆಗಲೇ ತಿಳಿಯುವುದು. ಹೆಂಗಸರಿಗೆ 12, ಗಂಡಸರಿಗೆ 13ರ ಕೆಳಗೆ ಬಂದರೆ ರಕ್ತಹೀನತೆ. ಕೊಬ್ಬಿನ ಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್ 150ರ ಕೆಳಗೆ ಇರಬೇಕು. ನಡಿಗೆ, ಸಿಹಿ ಮತ್ತು ಮದ್ಯ ಕಡಿಮೆ ಮಾಡಿದ್ದರ ಫಲ ಬೇಗ ಕಾಣುವುದು ಇಲ್ಲೇ.

ಒಂದು ತಮಾಷೆ ಅನ್ನಿಸುವ ಎಚ್ಚರಿಕೆ: ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ಉಂಡ ಮಾರನೇ ದಿನ ಮೂತ್ರ ಪರೀಕ್ಷೆಗೆ ಕೊಡಬೇಡಿ. ಆ ಸೊಪ್ಪಿನಿಂದ ಮೂತ್ರದ ಬಣ್ಣ ಬದಲಾಗುತ್ತದೆ, ನೋಡಿ ಲ್ಯಾಬಿನವರು ಗಾಬರಿಯಾದಾರು.

ಏಳು: ಮಳೆ ಪುಸ್ತಕದಲ್ಲೇ ಬರೆಯಿರಿ

ಆ್ಯಪ್ ಬೇಕಾದವರು ಇಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಮಾವನ ಕಾಲದಿಂದ ಮಳೆ ಪುಸ್ತಕ ಇದೆ, ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ) ಬರೆಯುವುದು. ನಾನು ಅದರ ಬಲಗಡೆ ಖಾಲಿ ಜಾಗದಲ್ಲೇ ನನ್ನ ಅಂಕಿ ಬರೆಯುತ್ತೇನೆ: ಸೊಂಟ, ಏರಿನ ನಿಮಿಷ, ಕುರ್ಚಿ, ಬಿಪಿ, ನಿದ್ದೆ ಎಷ್ಟು ಗಂಟೆ, ಮಂಡಿ ನೋವು ಹತ್ತಕ್ಕೆ ಎಷ್ಟು. ತೂಕ ಕೊನೆಯಲ್ಲಿ.

ಇದರಲ್ಲಿ ಒಂದು ಉಪಾಯ ತಾನಾಗೇ ಬಂತು. ಇವತ್ತಿನ ಮಳೆಯನ್ನು ನಿನ್ನೆಯ ಮಳೆಗೆ ಯಾರೂ ಹೋಲಿಸುವುದಿಲ್ಲ, ಹೋದ ವರ್ಷ ಇದೇ ತಿಂಗಳು ಎಷ್ಟಿತ್ತು ಅಂತ ಕೇಳುತ್ತೇವೆ. ಮೈಗೂ ಹಾಗೇ. ನಮ್ಮ ವರ್ಷ ಒಂದೇ ಸಮ ಇರುವುದಿಲ್ಲ. ಕೊಯ್ಲಿನ ತಿಂಗಳುಗಳಲ್ಲಿ ದಿನವಿಡೀ ಕಾಲ ಮೇಲೆ, ಮಳೆಗಾಲದಲ್ಲಿ ಒಲೆ ಮುಂದೆ. ಮಾರ್ಚ್ ಅಂಕಿಯನ್ನು ಆಗಸ್ಟ್ ಅಂಕಿಗೆ ಹೋಲಿಸಿದರೆ ಬೇಜಾರಾಗುವುದು ಖಂಡಿತ. ರಕ್ತ ಪರೀಕ್ಷೆಯನ್ನೂ ನಾನು ಹಬ್ಬಕ್ಕೆ ಕಟ್ಟಿದ್ದೇನೆ: ಕೈಲ್ ಮುಹೂರ್ತ ಕಳೆದು ಒಂದು, ಹುತ್ತರಿ ಕಳೆದು ಒಂದು, ಕೊಯ್ಲು ಮುಗಿದು ಒಂದು. ಮರೆಯುವ ಮಾತೇ ಇಲ್ಲ.

ಎಂಟು: ಅಂಕಿಗಳು ಜಗಳವಾಡಿದರೆ

ಸೊಂಟ ಇಳಿದು ತೂಕ ಹಾಗೇ ಇದ್ದರೆ ಖುಷಿಪಡಿ, ಕೊಬ್ಬು ಹೋಗಿ ಮಾಂಸಖಂಡ ಸೇರುತ್ತಿರಬಹುದು. ಒಂದೇ ತೂಕದ ಕೊಬ್ಬಿಗಿಂತ ಮಾಂಸಖಂಡ ಕಡಿಮೆ ಜಾಗ ಹಿಡಿಯುತ್ತದೆ. ತೂಕ ಇಳಿದು ಕುರ್ಚಿಯ ಲೆಕ್ಕವೂ ಇಳಿದರೆ ಊಟ ಜಾಸ್ತಿ ಕಡಿಮೆಯಾಗಿದೆ: ಮೊಟ್ಟೆ, ಮೀನು, ಕಾಳು, ಮೊಸರು ಹೆಚ್ಚಿಸಿ, ಭಾರ ಎತ್ತುವ ವ್ಯಾಯಾಮ ಸೇರಿಸಿ. ಕಿಡ್ನಿ ತೊಂದರೆ ಇರುವವರು ಕೇಳಿಯೇ ಮಾಡಿ. ಸೊಂಟವೂ ಇಳಿದಿಲ್ಲ, ತೂಕವೂ ಇಳಿದಿಲ್ಲ, ಆದರೆ ಏರು ಸುಲಭ ಆಗಿದೆ, ಬಿಪಿ ಇಳಿದಿದೆ ಅಂದರೆ ನಡಿಗೆ ತನ್ನ ಕೆಲಸ ಮಾಡುತ್ತಿದೆ, ಊಟದ ಕಡೆ ಸ್ವಲ್ಪ ನೋಡಿ. ಮೂರು ತಿಂಗಳಾದರೂ ಯಾವುದೂ ಕದಲದಿದ್ದರೆ ಥೈರಾಯ್ಡ್ ಪರೀಕ್ಷೆ ಬಗ್ಗೆ ಕೇಳಿ, ನಿದ್ದೆ ಏಳು ಗಂಟೆ ಆಗುತ್ತಿದೆಯಾ ನೋಡಿ, ಗೊರಕೆ ಜೋರಿದ್ದರೆ ಅದನ್ನೂ ಹೇಳಿ.

ತಕ್ಕಡಿಯೇ ಮುಖ್ಯವಾಗುವ ಜನರೂ ಇದ್ದಾರೆ. ಹೃದಯ ದುರ್ಬಲ ಇರುವವರಿಗೆ ಡಾಕ್ಟರುಗಳು ದಿನಾ ತೂಕ ನೋಡಲು ಹೇಳುತ್ತಾರೆ. ಒಂದೆರಡು ದಿನದಲ್ಲಿ ಒಂದೂವರೆ ಎರಡು ಕೆಜಿ ಏರಿ, ಕಾಲು ಊದಿ, ಮಲಗಿದರೆ ಉಸಿರು ಕಟ್ಟಿದರೆ ಅದು ನೀರು ತುಂಬುತ್ತಿರುವ ಲಕ್ಷಣ, ಆ ದಿನವೇ ಫೋನ್ ಮಾಡಬೇಕು. ಇನ್ನೊಂದು ಕಡೆ, ಏನೂ ಪ್ರಯತ್ನ ಮಾಡದೆ ಆರರಿಂದ ಹನ್ನೆರಡು ತಿಂಗಳಲ್ಲಿ ತೂಕದ ನೂರಕ್ಕೆ ಐದು ಭಾಗ ಇಳಿದರೆ, ಅಂದರೆ 70 ಕೆಜಿ ಇದ್ದವರು ಮೂರೂವರೆ ಕೆಜಿ ಕಳೆದುಕೊಂಡರೆ, "ಚೆನ್ನಾಗಿ ಸಣ್ಣಗಾಗಿದ್ದೀರಿ" ಅಂತ ಮದುವೆ ಮನೆಯಲ್ಲಿ ಯಾರು ಎಷ್ಟು ಹೊಗಳಿದರೂ ಡಾಕ್ಟರ್ ಹತ್ತಿರ ಹೋಗಿ.

ನನ್ನ ಎಚ್‌ಬಿಎ1ಸಿ ಈ ಸಲ 5.6. ತೂಕ 70. ಸಂತೆಯಲ್ಲಿ ಸಿಕ್ಕ ಪರಿಚಯದವರು ಮೊನ್ನೆಯೂ ಕೇಳಿದರು, "ಅಷ್ಟು ನಡೆಯುತ್ತೀರಂತೆ, ಏನೂ ಇಳಿದ ಹಾಗೆ ಕಾಣುವುದಿಲ್ಲವಲ್ಲ?" ಅವರದ್ದೂ ರೋಬಸ್ಟಾ ತೋಟ. "ನಿಮ್ಮ ಕಾಫಿ ಓಟಿ ಈ ವರ್ಷ ಎಷ್ಟು ಬಂತು?" ಅಂತ ಕೇಳಿದೆ. ಅದರ ಬಗ್ಗೆ ಅರ್ಧ ಗಂಟೆ ಮಾತಾಡಿದರು.